ಮಾನಿಟರ್‌ನಲ್ಲಿ ಸಿನಿಮಾ: ಕಪ್ಪು ಯಾಕೆ ಬೂದು?

27 ಇಂಚಿನ ಈ ಐಪಿಎಸ್ (ಎಲ್‌ಸಿಡಿ ಪರದೆಯ ಒಂದು ಬಗೆ) ಮಾನಿಟರ್ ನಮ್ಮ ಮನೆಗೆ ಬಂದದ್ದು ಕಚೇರಿಯ ಕೆಲಸಕ್ಕೆಂದು. ಟಿವಿಗೆ ಬೇರೆ ಹಣ ಹೊಂದಿಸುವುದು ಕಷ್ಟವಾದ್ದರಿಂದ ಲ್ಯಾಪ್‌ಟಾಪ್ ಜೋಡಿಸಿ ಇದರಲ್ಲೇ ಸಿನಿಮಾ ನೋಡುತ್ತಾ ಬಂದಿದ್ದೇವೆ. ಬಣ್ಣ, ಸ್ಪಷ್ಟತೆ ಚೆನ್ನಾಗಿವೆ ಎಂದು ಬೇರೆಯವರು ಸಾಕಷ್ಟು ಬರೆದಿದ್ದಾರೆ, ನನ್ನದೂ ಅದೇ ಮಾತು. ತಕರಾರು ಇರುವುದು ಒಂದೇ: ಕಪ್ಪು ಕಪ್ಪಾಗಿ ಕಾಣುವುದಿಲ್ಲ.

ಹಗಲಿನಲ್ಲಿ ಲೆಕ್ಕಪತ್ರ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ರಾತ್ರಿ ದೀಪ ಆರಿಸಿ ಸಿನಿಮಾ ಹಾಕಿದಾಗ ಚಿತ್ರದ ಮೇಲೆ, ಕೆಳಗೆ ಬರುವ ಖಾಲಿ ಪಟ್ಟಿಗಳು ಬೂದಿ ಬಳಿದಂತೆ ಹೊಳೆಯುತ್ತವೆ. ಕತ್ತಲ ದೃಶ್ಯ ಬಂದರೆ ಮೂಲೆಗಳಲ್ಲಿ ಮಸುಕು ಬೆಳಕು. ಸಹಾಯವಾಣಿಗೆ ಕರೆ ಮಾಡಿದರೆ ಪ್ರತಿ ಬಾರಿಯೂ ಒಂದೇ ಉತ್ತರ: “ಬ್ರೈಟ್‌ನೆಸ್ ಕಡಿಮೆ ಮಾಡಿ ನೋಡಿ, ಸರ್.” ಕಡಿಮೆ ಮಾಡಿದರೆ ಕಪ್ಪಿನ ಜೊತೆ ನಟರ ಮುಖಗಳೂ ಮಂಕಾಗುತ್ತವೆ. ದುಡ್ಡು ಕೊಟ್ಟವರಿಗೆ ಇಷ್ಟೇ ಉತ್ತರವೇ ಎಂದು ಬಹಳ ಸಿಟ್ಟು ಬಂದಿತ್ತು.

ಆಮೇಲೆ ತಿಳಿದದ್ದು, ಈ ದೋಷದ ದೊಡ್ಡ ಪಾಲು ಮಾನಿಟರಿನದಲ್ಲ. ಎಚ್‌ಡಿಎಂಐ ಕೇಬಲ್ ಜೋಡಿಸಿದಾಗ ಕೆಲವು ಲ್ಯಾಪ್‌ಟಾಪ್‌ಗಳು ಎದುರಿಗಿರುವುದು ಟಿವಿ ಎಂದೇ ಭಾವಿಸುತ್ತವೆ. ಬೆಳಕಿನ ಮಟ್ಟವನ್ನು ಅಂಕಿಯಲ್ಲಿ ಹೇಳುವ ಟಿವಿಯ ಲೆಕ್ಕದಲ್ಲಿ ಕಪ್ಪು ಎಂದರೆ 16, ಬಿಳಿ ಎಂದರೆ 235. ಕಂಪ್ಯೂಟರಿನ ಲೆಕ್ಕದಲ್ಲಿ 0 ಮತ್ತು 255. ಲ್ಯಾಪ್‌ಟಾಪ್ 16 ಎಂದು ಕಳಿಸಿದ ಕಪ್ಪನ್ನು ಮಾನಿಟರ್ ತನ್ನ ಲೆಕ್ಕದಂತೆ ಬೂದು ಮಾಡಿ ತೋರಿಸುತ್ತದೆ. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ‘ಲಿಮಿಟೆಡ್’ (16ರಿಂದ 235) ಎಂದಿದ್ದದ್ದನ್ನು ‘ಫುಲ್’ (0ಯಿಂದ 255) ಮಾಡಿದೆ, ಚಿತ್ರದ ಮೇಲಿನ ಪೊರೆ ಕಳಚಿಬಿತ್ತು. ಒಂದು ಪೈಸೆ ಖರ್ಚಿಲ್ಲ. ಸಹಾಯವಾಣಿಯವರು ಹೇಳಬೇಕಾಗಿದ್ದದ್ದು ಇದನ್ನು.

ಉಳಿದದ್ದು ಐಪಿಎಸ್ ಪರದೆಯ ಹುಟ್ಟುಗುಣ. ಪರದೆಯೊಳಗೆ ಹಿಂಬದಿಯ ದೀಪ ಸದಾ ಉರಿಯುತ್ತಲೇ ಇರುತ್ತದೆ, ಮುಂದಿನ ಪದರ ಅದನ್ನು ಪೂರ್ತಿ ತಡೆಯಲಾರದು. ಅದಕ್ಕೆ ನಾನು ಕಂಡುಕೊಂಡ ಉಪಾಯ, ಮಾನಿಟರಿನ ಬೆನ್ನಿಗೆ ಗೋಡೆಯತ್ತ ಮುಖ ಮಾಡಿದ ಸಣ್ಣ ದೀಪ. ಗೋಡೆ ತುಸು ಬೆಳಗಿದರೆ ಕಣ್ಣಿಗೆ ಪರದೆಯ ಕಪ್ಪು ಗಾಢವಾಗುತ್ತದೆ.

ಈಗ ಊಟದ ನಂತರ ಇದೇ ನಮ್ಮ ದಿನಚರಿ. ಲ್ಯಾಪ್‌ಟಾಪನ್ನು ಪಕ್ಕದ ಸ್ಟೂಲಿನ ಮೇಲಿಟ್ಟು ಕೇಬಲ್ ಜೋಡಿಸುತ್ತೇನೆ. ವಿಂಡೋಸ್ ಕೀಲಿಯ ಜೊತೆ ‘ಪಿ’ ಒತ್ತಿ ಎರಡನೆಯ ಪರದೆ ಮಾತ್ರ ಎಂದು ಆರಿಸುತ್ತೇನೆ. ಮಾನಿಟರಿನ ಸ್ಪೀಕರ್‌ನಲ್ಲಿ ಸಂಭಾಷಣೆ ಡಬ್ಬಿಯೊಳಗಿಂದ ಬಂದಂತೆ ಕೇಳುವುದರಿಂದ ಧ್ವನಿಯನ್ನು ಬೇರೆ ಸ್ಪೀಕರ್‌ಗೆ ತಿರುಗಿಸುತ್ತೇನೆ. ಅಷ್ಟರಲ್ಲಿ ಅಮ್ಮ ಮಾನಿಟರಿನ ಬೆನ್ನಿಗಿರುವ ಸಣ್ಣ ದೀಪ ಹಾಕಿ, ಟ್ಯೂಬ್‌ಲೈಟ್ ಆರಿಸಿ ಕುರ್ಚಿ ಎಳೆದುಕೊಂಡಿರುತ್ತಾರೆ.

ಈ ಮಾನಿಟರ್ ನನ್ನ ಮನಸ್ಸು ಗೆದ್ದದ್ದು ಹಳೆಯ ಕಪ್ಪು ಬಿಳುಪಿನ ಕನ್ನಡ ಚಿತ್ರಗಳಲ್ಲಿ. ಹಲವು ಹೊಸ ಟಿವಿಗಳು ಸಿನಿಮಾದ ಚಲನೆಯನ್ನು ನುಣುಪು ಮಾಡಲು ಹೋಗಿ ಅದನ್ನು ಧಾರಾವಾಹಿಯಂತೆ ಕಾಣಿಸುತ್ತವೆ. ಅದನ್ನು ನಿಲ್ಲಿಸಲು ಮೆನುವಿನಲ್ಲಿ ಹುಡುಕಾಡಬೇಕು. ಇಲ್ಲಿ ಆ ಕಾಟವಿಲ್ಲ, ಸೆಕೆಂಡಿಗೆ 24 ಚೌಕಟ್ಟುಗಳ ಸಿನಿಮಾ ಸಿನಿಮಾದಂತೆಯೇ ಇರುತ್ತದೆ. ಹೆಚ್ಚುಕಡಿಮೆ ಚೌಕಾಕಾರದ ಆ ಚಿತ್ರಗಳಲ್ಲಿ ನಾಯಕಿಯ ಸೀರೆಯ ಅಂಚಿನ ಎಳೆ, ದೇವರಮನೆಯ ಹೊಗೆ, ಹಣೆಯ ಬೆವರು ಎಲ್ಲವೂ ಬೇರೆ ಬೇರೆಯಾಗಿ ಕಾಣುತ್ತವೆ. “ಟೆಂಟಿನಲ್ಲಿ ನೋಡಿದಾಗ ಇದೆಲ್ಲ ಕಂಡಿರಲೇ ಇಲ್ಲ” ಎಂದರು ಅಮ್ಮ.

ಕಪ್ಪಿಗಾಗಿಯೇ ಕೊಳ್ಳುವುದಾದರೆ ಎಲ್‌ಸಿಡಿಯ ಇನ್ನೊಂದು ಬಗೆಯಾದ ವಿಎ ಪರದೆ ಮೇಲು. ಐಪಿಎಸ್‌ನಲ್ಲಿ ಬೆಳಕು ಕತ್ತಲೆಗಳ ಅನುಪಾತ ಸಾಮಾನ್ಯವಾಗಿ 1000ಕ್ಕೆ 1, ವಿಎಯಲ್ಲಿ 3000ಕ್ಕೆ 1ರ ಆಸುಪಾಸು. ಒಬ್ಬರೇ ನೇರ ಎದುರಿಗೆ ಕೂತು ನೋಡುವವರು ಅದನ್ನೇ ತೆಗೆದುಕೊಳ್ಳಿ. ಆದರೆ ವಿಎಯನ್ನು ಪಕ್ಕದಿಂದ ನೋಡಿದರೆ ಬಣ್ಣ ಪೇಲವವಾಗುತ್ತದೆ. ನಮ್ಮಲ್ಲಿ ಅಮ್ಮ, ನಾನು, ತಂಗಿ ಸಾಲಾಗಿ ಕೂರುತ್ತೇವೆ, ಅದರಲ್ಲೂ ತಂಗಿಯದು ಯಾವಾಗಲೂ ಗೋಡೆ ಬದಿಯ ಜಾಗ. ಹಾಗಾಗಿ ಮುಂದಿನ ಸಲವೂ ಐಪಿಎಸ್‌ ಅನ್ನೇ ಕೊಳ್ಳುತ್ತೇನೆ.