ಲೋವೆಲ್‌ನ ಬೂಟ್ ಹತ್ತಿ ಗಿರಣಿ ಮ್ಯೂಸಿಯಂ: ಮಗ್ಗದ ಮನೆಯವರು ನೋಡಲೇಬೇಕಾದ ಜಾಗ

ಬಾಸ್ಟನ್ ಸುತ್ತಮುತ್ತ ಇರುವವರು, ಮಕ್ಕಳ ಮನೆಗೆಂದು ಬಂದವರು ಒಂದು ದಿನ ಬಿಡುವು ಮಾಡಿಕೊಂಡು ಲೋವೆಲ್‌ಗೆ ಹೋಗಿಬನ್ನಿ. ನಾರ್ತ್ ಸ್ಟೇಷನ್‌ನಿಂದ ರೈಲಿದೆ. ಊರಿನ ಹಳೆಯ ಗಿರಣಿ, ಕಾಲುವೆಗಳನ್ನು 1978ರಿಂದ ರಾಷ್ಟ್ರೀಯ ಉದ್ಯಾನ ಇಲಾಖೆ ಕಾಪಾಡಿಕೊಂಡು ಬಂದಿದೆ.

ಆ ಗಿರಣಿಗಳಲ್ಲಿ ಒಂದಾದ ಬೂಟ್ ಗಿರಣಿಯೇ ಈ ಮ್ಯೂಸಿಯಂ. ಇದರ ಜೀವ ಇರುವುದು ಕೆಳಗಿನ ನೇಯ್ಗೆ ಕೋಣೆಯಲ್ಲಿ. 80ಕ್ಕೂ ಹೆಚ್ಚು ಮಗ್ಗ ಸಾಲಾಗಿ ನಿಂತಿವೆ. ಓಡಿಸುವುದು ಕೆಲವನ್ನು ಮಾತ್ರ, ಅಷ್ಟಕ್ಕೇ ನೆಲ ಅದುರುತ್ತದೆ. ಕಿವಿಗೆ ಇಟ್ಟುಕೊಳ್ಳಲು ಬಿರಡೆ ಕೊಡುತ್ತಾರೆ, ಹಿಂಜರಿಯದೆ ತಗೊಳ್ಳಿ. ನಾನು ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಸದ್ದಿನಲ್ಲೇ ಬೆಳೆದವಳು, ನನಗೂ ಬೇಕಾಯಿತು.

ಒಂದು ಮಗ್ಗದ ಮುಂದೆ ಬಹಳ ಹೊತ್ತು ನಿಂತೆ. ಅದರ ಪಕ್ಕದಲ್ಲಿ ದುಂಡನೆಯ ಚಕ್ರ, ಅದರ ಸುತ್ತ ನೂಲು ಸುತ್ತಿದ ಕಂಡಿಕೆಗಳು. ಅಡ್ಡ ನೂಲನ್ನು ಅತ್ತಿಂದಿತ್ತ ಒಯ್ಯುವ ಲಾಳಿಯೊಳಗಿನ ನೂಲು ಮುಗಿಯುತ್ತಿದ್ದಂತೆ ಮೇಲಿಂದ ಸುತ್ತಿಗೆಯಂಥದ್ದು ಟಪ್ ಎಂದು ಹೊಸ ಕಂಡಿಕೆಯನ್ನು ಒಳಗೆ ತಳ್ಳುತ್ತದೆ, ಖಾಲಿಯಾದದ್ದು ಕೆಳಗೆ ಬೀಳುತ್ತದೆ. ಮಗ್ಗ ನಿಲ್ಲುವುದೇ ಇಲ್ಲ! ನಮ್ಮ ಮನೆಯಲ್ಲಿ ಪ್ರತಿ ಸಲ ಮಗ್ಗ ನಿಲ್ಲಿಸಿ, ಲಾಳಿ ತೆಗೆದು, ಕಂಡಿಕೆ ಹಾಕುತ್ತಿದ್ದವಳು ಅಮ್ಮ. ಅವಳಿಗೆ ಇದನ್ನು ತೋರಿಸಬೇಕಿತ್ತು ಅನ್ನಿಸಿತು. ಒಂದು ಮಾತು ನೆನಪಿರಲಿ, ಇವು 20ನೇ ಶತಮಾನದ, ಡ್ರೇಪರ್ ಎಂಬ ಕಂಪನಿಯ ಮಗ್ಗಗಳು. ಈ ಊರು ಕಟ್ಟಿದ ಕಾಲದವಲ್ಲ. ಆಗಿನ ಹುಡುಗಿಯರು ಲಾಳಿಯ ಕಣ್ಣಿಗೆ ಬಾಯಿಟ್ಟು, ಉಸಿರೆಳೆದು ನೂಲು ಹೊರತೆಗೆಯುತ್ತಿದ್ದರು.

ಮೇಲಿನ ಮಹಡಿಯ ಇತಿಹಾಸ ನೋಡಲು ಸಮಯ ಇಟ್ಟುಕೊಳ್ಳಿ. ಅಮೆರಿಕ ತನ್ನ ಕಾರ್ಖಾನೆಗಳನ್ನು ತಾನೇ ಬೆಳೆಸಬೇಕೆಂದು ಹಣಕಾಸು ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1791ರಲ್ಲೇ ಕಾಂಗ್ರೆಸ್‌ಗೆ, ಅಂದರೆ ಅಲ್ಲಿನ ಸಂಸತ್ತಿಗೆ, ವರದಿ ಕೊಟ್ಟಿದ್ದರು. ಬಾಸ್ಟನ್ನಿನ ವ್ಯಾಪಾರಿ ಫ್ರಾನ್ಸಿಸ್ ಕ್ಯಾಬಟ್ ಲೋವೆಲ್ 1810ರಲ್ಲಿ ಇಂಗ್ಲೆಂಡಿಗೆ ಹೋಗಿ, ಅಲ್ಲಿನ ಯಂತ್ರಮಗ್ಗವನ್ನು ನೋಡಿಯೇ ಮನಸ್ಸಿಗೆ ಇಳಿಸಿಕೊಂಡು ಬಂದರು. ಯಂತ್ರವನ್ನಾಗಲಿ ನಕ್ಷೆಯನ್ನಾಗಲಿ ಹೊರಗೆ ಒಯ್ಯಲು ಬ್ರಿಟಿಷ್ ಕಾನೂನು ಬಿಡುತ್ತಿರಲಿಲ್ಲ. ಪಾಲ್ ಮೂಡಿ ಎಂಬ ಕುಶಲಕರ್ಮಿಯ ಜೊತೆ ಸೇರಿ ವಾಲ್ತಮ್‌ನಲ್ಲಿ ಮಗ್ಗ ಕಟ್ಟಿದರು. ನೂಲುವುದು, ನೇಯುವುದು ಎರಡೂ ಒಂದೇ ಸೂರಿನಡಿ ಬಂದವು. ಲೋವೆಲ್ 1817ರಲ್ಲಿ ತೀರಿಕೊಂಡರು. ಅವರ ಹೆಸರಿನ ಈ ಊರು ಎದ್ದದ್ದು ಆಮೇಲೆ.

ನನ್ನನ್ನು ತಡೆದು ನಿಲ್ಲಿಸಿದ್ದು 1816ರ ಸುಂಕ. ಹೊರದೇಶದ ಹತ್ತಿ ಬಟ್ಟೆಗೆ ಶೇ. 25 ಸುಂಕ. ಚದರ ಗಜಕ್ಕೆ 25 ಸೆಂಟ್‌ಗಿಂತ ಅಗ್ಗದ ಬಟ್ಟೆಯಾದರೂ 25 ಸೆಂಟ್ ಎಂದೇ ಲೆಕ್ಕ. ಅಂದರೆ 6 ಸೆಂಟ್‌ನ ಬಟ್ಟೆಗೆ ಸುಂಕವೇ ಆರೂಕಾಲು ಸೆಂಟ್! ಆಗ ಅಷ್ಟು ಅಗ್ಗದ ಒರಟು ಬಟ್ಟೆ ಹಡಗಿನಲ್ಲಿ ಬರುತ್ತಿದ್ದುದು ನಮ್ಮ ದೇಶದಿಂದ, ಕಲ್ಕತ್ತೆಯಿಂದ. ಈ ನಿಯಮಕ್ಕಾಗಿ ವಾಷಿಂಗ್ಟನ್‌ಗೆ ಹೋಗಿ ಒತ್ತಾಯ ಮಾಡಿದವರಲ್ಲಿ ಲೋವೆಲ್ ಕೂಡ ಒಬ್ಬರು. ಇಲ್ಲಿನ ಮಗ್ಗಗಳಿಗೆ ಮಾರುಕಟ್ಟೆ ಸಿಕ್ಕಿತು, ಎಲ್ಲಿಯೋ ಇದ್ದ ನಮ್ಮ ನೇಕಾರರಿಗೆ ಒಂದು ಬಾಗಿಲು ಮುಚ್ಚಿತು. ಎಳೆಯ ಉದ್ಯಮಕ್ಕೆ ಆಸರೆ ಬೇಕೆಂಬುದನ್ನು ನಾನೂ ಒಪ್ಪುತ್ತೇನೆ, ಮಗ್ಗದ ಅನ್ನ ಉಂಡವಳು. ಆದರೆ ಆ ಆಸರೆಯ ಬೆಲೆ ತೆತ್ತವರನ್ನೂ ಜೊತೆಗೇ ಹೇಳಬೇಕು. ಈ ಗಿರಣಿಗಳಿಗೆ ಬಂದ ಹತ್ತಿ, ದಕ್ಷಿಣದ ರಾಜ್ಯಗಳಲ್ಲಿ ಗುಲಾಮರು ಬಿಡಿಸಿದ್ದು. ನೇಯ್ದವರು ಹಳ್ಳಿ ರೈತರ ಹೆಣ್ಣುಮಕ್ಕಳು. ಗಂಟೆ ಬಾರಿಸಿದಾಗ ಏಳಬೇಕು, ಗಂಟೆ ಬಾರಿಸಿದಾಗ ಉಣ್ಣಬೇಕು. ಎಳೆ ಹರಿಯಬಾರದೆಂದು, ತೇವ ಉಳಿಯಲೆಂದು ಕಿಟಕಿ ಮುಚ್ಚಿಡುತ್ತಿದ್ದರು. 1834ರಲ್ಲಿ ಕೂಲಿ ಕಡಿತದ ವಿರುದ್ಧ, 1836ರಲ್ಲಿ ಊಟ-ವಸತಿಯ ದರ ಏರಿಸಿದ್ದಕ್ಕೆ ಅವರು ಕೆಲಸ ಬಿಟ್ಟು ಬೀದಿಗಿಳಿದರು. ಅವರಿದ್ದ ವಸತಿಗೃಹಗಳಲ್ಲಿ ಒಂದು ಗಿರಣಿಯ ಹತ್ತಿರವೇ ಇದೆ, ಅದನ್ನೂ ಬಿಡಬೇಡಿ.

ಮಂಡಿ ನೋವಿರುವ ಹಿರಿಯರು ನೇಯ್ಗೆ ಕೋಣೆ ಮೊದಲು ನೋಡಿ, ದಣಿವಾರಿಸಿಕೊಂಡು ಮೇಲೆ ಹೋಗಲಿ. ಅಂಗಡಿಯಲ್ಲಿ ಇದೇ ಮಗ್ಗಗಳಲ್ಲಿ ನೇಯ್ದ ಅಡುಗೆಮನೆ ಟವೆಲ್ ಸಿಗುತ್ತದೆ. ಅಂಚು ಹಿಡಿದು ಎಳೆದು ನೋಡಿದೆ, ಹಾಸು ಹೊಕ್ಕು ಎರಡೂ ಬಿಗಿಯಾಗಿವೆ. ಧಾರಾಳವಾಗಿ ಕೊಳ್ಳಬಹುದು.