ಟೀವಿ ರಿಪೇರಿ ಕಾಕಾಗ ನಾಕು ಸ್ಟಾರ್, ಒಂದು ಯಾಕ ಕಟ್ ಅಂದ್ರ

ಮೊದ್ಲ ಹೇಳಿಬಿಡ್ತೀನಿ, ಅಂಗಡಿ ಹೆಸರು ಹಾಕಂಗಿಲ್ಲ, ಯಾಕಂದ್ರ ಅದಕ್ಕ ಹೆಸರ ಇಲ್ಲ. ಕೊಪ್ಪಳದಾಗ ಒಂದು ಮನಿ ಪಡಸಾಲಿ, ಒಂದು ಟೇಬಲ್ಲು, ಅದರ ಮ್ಯಾಲ ನಾಕೈದು ಹಳೇ ಡಬ್ಬಾ ಟೀವಿ ಹೊಟ್ಟಿ ಬಿಚ್ಚಿಕೊಂಡು ಕುಂತಿರ್ತಾವ, ಮೂಲ್ಯಾಗ ಒಂದು ರೇಡಿಯೋ ಹಾಡ್ಕೊಂತ ಇರ್ತೈತಿ, ಅಷ್ಟ. ಕಾಕಾಗ ವಯಸ್ಸು ಅರವತ್ತರ ಮ್ಯಾಲ. ನಮ್ಮನಿ ಕೇಬಲ್ ಟೀವಿ, ಆಮ್ಯಾಲ ನಮ್ಮ ಚಿಗವ್ವನ ಮನಿ ಡಿಶ್ ಎರಡೂ ಸರಿ ಮಾಡ್ಯಾರ, ಅದಕ್ಕ ಬರಿಯಾಕತ್ತೀನಿ. ಉದ್ದ ಆಗ್ತೈತಿ, ಆದ್ರ ನಿಮ್ಮನ್ಯಾಗೂ ಸೆಟ್‌ಟಾಪ್ ಬಾಕ್ಸ್ ಬಂದ ದಿನದಿಂದ ಚಿತ್ರ ಒಡಿಯಾಕತ್ತಿದ್ರ ಪೂರ್ತಿ ಓದ್ರಿ.

ನಮ್ಮ ಕಥಿ ಏನಂದ್ರ, ಅಪ್ಪ ಕೇಬಲ್ ಹಾಕಿಸಿದ್ದು 2004ರಾಗ. ಅವಾಗ ಅನಲಾಗ್, ವಯರ್ ಸೀದಾ ಟೀವಿ ಹಿಂದ ಚುಚ್ಚೋದು, ಮುಗೀತು. ಚಿತ್ರ ಏನ್ ಭಾರೀ ಇರ್ತಿರ್ಲಿಲ್ಲ, ಸಜ್ಜಿ ಚೆಲ್ಲಿದಂಗ ಚುಕ್ಕಿ, ಒಬ್ಬ ಮನಷ್ಯಾನ ಪಕ್ಕ ಅವಂದ ಇನ್ನೊಂದು ನೆರಳು, ಆದ್ರೂ ಕಾಣ್ತಿತ್ತು. ಆಮ್ಯಾಲ ಸರ್ಕಾರದ್ದು ಡಿಜಿಟಲ್ ಆಗ್ಬೇಕು ಅಂತ ರೂಲ್ಸ್ ಬಂತು. ಬೆಂಗಳೂರು ಮೈಸೂರಿಗೆ 2013ರ ಮಾರ್ಚ್ 31, ನಮ್ಮಂಥ ಸಣ್ಣ ಊರಿಗೆ ಕಾಗದದ ಮ್ಯಾಲ 2015ರ ಡಿಸೆಂಬರ್ 31, ಹಳ್ಳಿಗೆ 2017ರ ಮಾರ್ಚ್ 31. ನಮ್ಮ ಓಣಿಗೆ ಬಾಕ್ಸ್ ಬಂದಿದ್ದು ಕಡೀ ಎರಡು ತಾರೀಖಿನ ನಡುವ ಯಾವಾಗೋ. ಕೇಬಲ್ ಹುಡುಗ ಬಂದು, ಹಳೇ ವಯರ್ ತಗದು ಬಾಕ್ಸಿಗೆ ಚುಚ್ಚಿ, ಬಾಕ್ಸಿಂದ ಟೀವಿಗೆ ಮೂರು ಬಣ್ಣದ ವಯರ್ ಹಾಕಿ, ಇನ್ನ ನೋಡ್ರಿ ಯಕ್ಕಾ ಕನ್ನಡಿ ಇದ್ದಂಗ ಕಾಣ್ತೈತಿ ಅಂದು ಹೋದ. ಕನ್ನಡಿನ ಇತ್ತು, ಒಂದು ವಾರ. ಆಮ್ಯಾಲ ಕನ್ನಡಿ ಚೂರು ಚೂರು ಆತು. ಮಾರಿ ಚೌಕ ಚೌಕ ಆಗಿ ನಿಂತುಬಿಡೋದು, ದನಿ ಕಟ್ ಕಟ್, ಆಮ್ಯಾಲ ಕರಿ ಪರದೆ, ಸಿಗ್ನಲ್ ಇಲ್ಲ ಅಂತ ಅಕ್ಷರ.

ಅದರಾಗೂ ತಮಾಷಿ ಏನಂದ್ರ ಎಲ್ಲಾ ಚಾನೆಲ್ ಅಲ್ಲ. ಅವ್ವ ನೋಡೋ ಧಾರಾವಾಹಿ ಚಾನೆಲ್, ಅದರ ಜೋಡಿ ಇನ್ನೊಂದಿಷ್ಟು, ಇವ ಹೋಗ್ತಿದ್ವು. ಅಪ್ಪನ ನ್ಯೂಸ್ ಚಾನೆಲ್ ಒಂದಿನಾನೂ ನಿಂತಿಲ್ಲ, ಇದರ ಮ್ಯಾಲ ಮನ್ಯಾಗ ಆದ ಜಗಳ ಬ್ಯಾರೆ.

ಕೇಬಲ್‌ನವ್ರಿಗೆ ಫೋನ್ ಮಾಡಿದ್ರ ಪ್ರತಿ ಸಲ ಒಂದ ಮಾತು, ಬಾಕ್ಸ್ ಹೋಗೇತ್ರಿ. ಇಷ್ಟು ವರ್ಷದಾಗ ಬಾಕ್ಸ್ ಎರಡು ಸಲ, ಅಡಾಪ್ಟರ್ ಒಂದು ಸಲ ಬದಲಿ ಮಾಡ್ಯಾರ, ಒಮ್ಮೆ ಟೀವಿನ ಹಳೇದಾತು ಎಲ್‌ಇಡಿ ತಗೋರಿ ಅಂದ್ರು, ತಗೊಂಡ್ವಿ, ಅದರಾಗ ಚೌಕಗಳು ಇನ್ನಷ್ಟು ದೊಡ್ಡದಾಗಿ ಕಂಡ್ವು. ಬಾಕ್ಸ್ ಬದಲಿ ಮಾಡಿದ ಮ್ಯಾಲ ನಾಕು ದಿನ ಸರಿ ಇರ್ತಿತ್ತು, ಹಿಂಗಾಗಿ ನಾವೂ ಬಾಕ್ಸಿಂದ ತಪ್ಪು ಅಂತ ನಂಬಿದ್ವಿ. ಆಮ್ಯಾಲ ಕಾಕಾ ಹೇಳಿದ್ರು, ಬಾಕ್ಸ್ ಬದ್ಲಿ ಮಾಡುವಾಗ ವಯರಿನ ಪಿನ್ ಬಿಚ್ಚಿ ಹೊಳ್ಳಿ ಬಿಗೀತಾರಲ್ಲ ತಮ್ಮಾ, ಆ ಬಿಗಿದಿದ್ದಕ್ಕ ಸರಿ ಆಗಿತ್ತು, ಬಾಕ್ಸಿಗಲ್ಲ ಅಂತ. ಎರಡು ಬಾಕ್ಸಿನ ರೊಕ್ಕ ನೆನಸ್ಕೊಂಡು ನನಗ ಹೊಟ್ಟಿ ಉರೀತು. ಕಡೀಕ ಒಬ್ಬ ಬಂದು 350 ರೂಪಾಯಿ ತಗೊಂಡು ಸಿಗ್ನಲ್ ಜೋರು ಮಾಡೋ ಒಂದು ಬೂಸ್ಟರ್ ಕುಂದ್ರಿಸಿ ಹೋದ, ಅವತ್ತಿಂದ ಅಪ್ಪನ ನ್ಯೂಸ್ ಚಾನೆಲ್ಲೂ ಒಡಿಯಾಕತ್ತು. ಅವಾಗ ಅಪ್ಪಗ ಸಿಟ್ಟು ಬಂತು, ಅಷ್ಟು ವರ್ಷ ಬಂದಿರ್ಲಿಲ್ಲ.

ಕೇಬಲ್ ಬಿಟ್ಟು ಡಿಶ್ ಹಾಕಿಸ್ರಿ ಅಂತ ನೀವು ಅನಬಹುದು. ಅವ್ವಗ ಮೊಣಕಾಲು ನೋವು, ಗವಿಮಠದ ಜಾತ್ರ್ಯಾಗ ಆ ಗದ್ದಲದಾಗ ನಿಂದ್ರಾಕ ಆಗಂಗಿಲ್ಲ, ತೇರು ಎಳಿಯೋದು ಲೋಕಲ್ ಕೇಬಲ್ ಚಾನೆಲ್‌ನಾಗ ಲೈವ್ ಬರ್ತೈತಿ, ಅದು ಡಿಶ್ಶಿನಾಗ ಬರಂಗಿಲ್ಲ. ಹಿಂಗಾಗಿ ಕೇಬಲ್ ಬಿಡೋ ಮಾತ ಇಲ್ಲ.

ಕಾಕಾ ಬಂದಿದ್ದು ಹೆಂಗಂದ್ರ, ಮುಂಜಾನೆ ಹತ್ತಕ್ಕ ಬರ್ತೀನಿ ಅಂದೋರು ಸಂಜಿ ಐದಕ್ಕ, ಅದೂ ಮರುದಿನ ಸಂಜಿ ಐದಕ್ಕ. ಬಂದು ಟೀವಿ ಮುಟ್ಲಿಲ್ಲ, ಬಾಕ್ಸೂ ಮುಟ್ಲಿಲ್ಲ. ಅವ್ವನ್ನ ಕುಂದ್ರಿಸಿ, ಯಾವ್ಯಾವ ಚಾನೆಲ್ ಹೊಡ್ಕೋತಾವ್ರಿ ಅಕ್ಕಾರ, ಯಾವ ಹೊತ್ತಿನಾಗ, ಮಳಿ ಬಂದಾಗೋ ಬಿಸ್ಲಾಗೋ, ಮೋಟರ್ ಹಚ್ಚಿದಾಗೋ, ಅಂತ ಕೇಳ್ಕೊಂತ ಹಳೇ ಕ್ಯಾಲೆಂಡರ್ ಹಿಂದ ಬರ್ಕೊಂಡ್ರು. ಡಾಕ್ಟರ್ ಸೈತ ನಮ್ಮವ್ವನ್ನ ಇಷ್ಟೊತ್ತು ಕೇಳಿಲ್ಲ. ಅನಲಾಗ್ ಇದ್ದಾಗ ಒಂದು ಚಾನೆಲ್ ಕುಂದ್ರತಿದ್ದ ಜಾಗದಾಗ ಈಗ ಹತ್ತು ಹನ್ನೆರಡು ಚಾನೆಲ್ ಒಂದ ಗಾಡ್ಯಾಗ ಕುಂತು ಬರ್ತಾವಂತ, ಗಾಡಿ ಕೆಟ್ರ ಅಷ್ಟೂ ಒಮ್ಮೆಕಲೆ ಹೋಗ್ತಾವ. ಹಳೇ ವಯರ್ ಮ್ಯಾಲಿನ ಫ್ರೀಕ್ವೆನ್ಸಿನ ಜಾಸ್ತಿ ತಿಂತೈತಿ, ಹಿಂಗಾಗಿ ಅಲ್ಲಿ ಕುಂತ ಚಾನೆಲ್ ಮೊದ್ಲ ಬೀಳ್ತಾವ. ಅವ್ವನ ಧಾರಾವಾಹಿ ಅಲ್ಲಿತ್ತು, ನ್ಯೂಸ್ ಕೆಳಗಿತ್ತು. ಇಷ್ಟು ವರ್ಷದ ಜಗಳಕ್ಕ ಉತ್ತರ ಇದು.

ಆಮ್ಯಾಲ ಬಾಕ್ಸಿನ ಮೆನುದಾಗ ಹೋಗಿ ಸಿಗ್ನಲ್ ತೋರ್ಸೋ ಪೇಜ್ ತಗದ್ರು. ಇದು ಭಾಳಷ್ಟು ಬಾಕ್ಸಿನಾಗ ಇರ್ತೈತಿ, ನಾನು ಒಂದಿನಾನೂ ನೋಡಿರ್ಲಿಲ್ಲ. ಎರಡು ಪಟ್ಟಿ, ಒಂದು ಸ್ಟ್ರೆಂತ್ ಒಂದು ಕ್ವಾಲಿಟಿ. ನಮ್ದು ಸ್ಟ್ರೆಂತ್ ಫುಲ್, ಕ್ವಾಲಿಟಿ ಕೆಂಪು. ಬೂಸ್ಟರ್ ನೋಡಿ ನಕ್ಕು, ಕೊಳಚಿ ನೀರಿಗೆ ಮೋಟರ್ ಹಚ್ಚಿದ್ರ ಕೊಳಚಿನ ಜೋರಾಗಿ ಬರ್ತೈತಿ ಅಂದ್ರು, ಕಿತ್ತು ನನ್ನ ಕೈಯಾಗ ಕೊಟ್ರು. ಸಿಗ್ನಲ್ ಬಡವಾದಾಗ ಅದರ ಜೋಡಿ ಗದ್ದಲಾನೂ ಬೂಸ್ಟರ್ ಎಬ್ಬಿಸ್ತೈತಿ, ಅತಿ ಆತಂದ್ರ ಬಾಕ್ಸಿಗೆ ತಡಕೊಳ್ಳಾಕ ಆಗಂಗಿಲ್ಲ.

ಮಾಳಗಿ ಹತ್ತಿದ್ವಿ. ಕೈಯಾಗ ಸಿಗ್ನಲ್ ಅಳಿಯೋ ಒಂದು ಮೀಟರ್. ಕಂಬದಿಂದ ಬರೋ ವಯರಿಗೆ ಹಚ್ಚಿದ್ರ 66 ಡಿಬಿ, ಕೆಳಗ ಬಾಕ್ಸಿನ ಹಂತ್ಯಾಕ ಬೂಸ್ಟರ್ ಇಲ್ಲದ 44. ಬಾಕ್ಸಿಗೆ 50ರ ಮ್ಯಾಲ 70ರ ಒಳಗ ಇರ್ಬೇಕಂತ. ಅಂದ್ರ ಕೇಬಲ್‌ನವ್ರು ಕೊಟ್ಟಿದ್ದು ಸರಿನ ಐತಿ, ನಡುವ 22 ನಮ್ಮನಿ ನುಂಗಾಕತ್ತಿತ್ತು. ಎಲ್ಲಿ ಅಂತ ಹುಡುಕ್ಕೊಂತ ಹೋದ್ರ, ಮಾಳಗಿ ಮ್ಯಾಲ ಬಾಡಿಗಿಯವ್ರಿಗೆ, ಕೆಳಗ ಪಡಸಾಲಿಗೆ, ಅಪ್ಪನ ಕೋಣಿಗೆ ಅಂತ ಅನಲಾಗ್ ಕಾಲದಾಗ ಹಾಕಿದ, ಒಂದು ವಯರಿನ ಸಿಗ್ನಲ್ ಮೂರು ಪಾಲು ಮಾಡೋ ಸ್ಪ್ಲಿಟರ್. ಬಾಡಿಗಿಯವ್ರು ಮನಿ ಬಿಟ್ಟು ಆರು ವರ್ಷ ಆತು, ಅಪ್ಪನ ಕೋಣಿಯಾಗ ಈಗ ಟೀವಿನ ಇಲ್ಲ, ಎರಡು ವಯರ್ ಬಾಲ ಹಂಗ ಬರೀ ತಾಮ್ರ ಬಿಟ್ಕೊಂಡು ಜೋತು ಬಿದ್ದಿದ್ವು. ಹಿಂಗ ಬಾಯಿ ತಕ್ಕೊಂಡಿರೋ ವಯರ್ ಅಂದ್ರ ಆಂಟೆನಾನ, ಹೊರಗಿನ ಗದ್ದಲಾ ಎಲ್ಲಾ ಒಳಗ ಎಳಕೋತೈತಿ. ನೀರಿನ ಮೋಟರ್ ಹಚ್ಚಿದಾಗ ಅನಲಾಗ್‌ನಾಗ ಅಡ್ಡ ಗೆರಿ ಬರ್ತಿದ್ವು ನೆನಪೈತೇನ್ರಿ, ಅದ ಗದ್ದಲ ಈಗ ಚಿತ್ರನ ನಿಂದ್ರಸ್ತೈತಿ.

ಆಮ್ಯಾಲ ಜಾಯಿಂಟ್. ಮೂರು ಕಡೆ ವಯರ್ ಸುಲದು ತಿರುವಿ ಟೇಪ್ ಸುತ್ತಿದ್ರು, ಲೈಟಿನ ವಯರ್ ಸುತ್ತಿದಂಗ. ಒಂದು ಜಾಯಿಂಟ್ ನೀರಿನ ಟ್ಯಾಂಕ್ ತುಂಬಿ ಹರಿಯೋ ಜಾಗದಾಗ. ಟೇಪ್ ಬಿಚ್ಚಿದ್ರ ಒಳಗ ತಾಮ್ರ ಹಸರ, ಮ್ಯಾಲಿನ ಜಾಳಿಗಿ ಕೈಯಾಗ ಪುಡಿ ಪುಡಿ ಆತು. ನಮ್ಮೂರಿನ ಬಿಸಲಿಗೆ ವಯರಿನ ಸಿಪ್ಪಿ ಬಿರಕು ಬಿಟ್ಟು ಮಳಿಗಾಲದಾಗ ನೀರು ಅದರಾಗ ಇಳಕೊಂತ ಬಾಕ್ಸಿನ ಮಟ ಹೋಗಿತ್ತು. ಈ ರೋಗ ಎಲ್ಲಾ ಅನಲಾಗ್ ಇದ್ದಾಗೂ ಇದ್ವು, ಅದು ಚುಕ್ಕಿ ತೋರ್ಸಿ ಮೊದ್ಲ ಹೇಳ್ತಿತ್ತು, ಡಿಜಿಟಲ್ ಕಡೀತನಕ ಮುಚ್ಚಿಟ್ಟು ಒಮ್ಮೆಕಲೆ ಬೀಳ್ತೈತಿ, ಹಿಂಗಾಗಿ ನೀವೆಲ್ಲಾ ಬಾಕ್ಸಿನ್ನ ಬೈತೀರಿ ಅಂದ್ರು ಕಾಕಾ.

ಸ್ಪ್ಲಿಟರ್ ತಗದ್ರು. ಕಂಬದ ವಯರಿಂದ ಬಾಕ್ಸಿನ ಮಟ ಒಂದ ತುಂಡು, ನಡುವ ಜಾಯಿಂಟ್ ಇಲ್ಲದ, 25 ಮೀಟರ್ ಹೊಸಾ ಆರ್‌ಜಿ 6 ವಯರ್ ಎಳದ್ರು. ಹಳೇದು ಸಣ್ಣ ಆರ್‌ಜಿ 59 ಇತ್ತು. ಎರಡೂ ತುದಿಗೆ ಕೈಲೆ ತಿರುವೋ ಪಿನ್ ಅಲ್ಲ, ಇಕ್ಕಳದಾಗ ಒತ್ತಿ ಕುಂದ್ರಿಸೋ ಪಿನ್ ಹಾಕಿದ್ರು. ಗ್ವಾಡಿ ತೂತಿನ್ಯಾಗ ವಯರ್ ಒಳಗ ಹೋಗೋ ಮುಂಚೆ ಹೊರಗ ಕೆಳಗ ಒಂದು ಜೋಲಿ ಬಿಟ್ರು, ಮಳಿ ನೀರು ಅಲ್ಲೆ ತೊಟ್ಟಿಕ್ಕಿ ಬೀಳ್ಲಿ ಅಂತ. ಬಾಕ್ಸಿನ ಹಂತ್ಯಾಕ ಮೀಟರ್ 61 ತೋರಿಸ್ತು, ಕ್ವಾಲಿಟಿ ಹಸರ. ಅಷ್ಟಕ್ಕ ಬಿಡ್ಲಿಲ್ಲ, ಮೋಟರ್ ಹಚ್ರಿ, ಮಿಕ್ಸಿ ತಿರುವ್ರಿ ಅಂತ ಅವ್ವಗ ಹೇಳಿ, ಎಲ್ಲಾ ಒಮ್ಮೆಕಲೆ ನಡೀವಾಗ ಧಾರಾವಾಹಿ ಚಾನೆಲ್ ಹಚ್ಚಿ ಹತ್ತು ನಿಮಿಷ ಸುಮ್ನ ನೋಡ್ಕೊಂತ ಕುಂತ್ರು. ಅವ್ವ ಚಟ್ನಿ ಇಲ್ಲದ ಬರೀ ಮಿಕ್ಸಿ ಯಾಕ ತಿರುವೋದು ಅಂತ ಶೇಂಗಾ ಪುಡಿನ ಮಾಡಿ ಮುಗಿಸಿದ್ಲು.

ಬಿಲ್ಲು: ವಯರ್ ಮೀಟರಿಗೆ 18ರಂಗ 450, ಪಿನ್ನು 30, ಕೂಲಿ 350. ಒಟ್ಟು 830. ಒಂದು ಬಾಕ್ಸಿಗೂ ಕಡಿಮಿ. ಐದು ತಿಂಗಳು ಆತು, ನಡುವ ಮಳಿಗಾಲ ಹೋತು, ಒಂದಿನ ಒಡದಿಲ್ಲ.

ಇನ್ನ ಚಿಗವ್ವಂದು. ಗಂಗಾವತಿ ದಾಟಿ ಆನೆಗೊಂದಿ ಕಡೆ ಹಳ್ಳಿ, ಸುತ್ತ ಬಂಡಿಗುಡ್ಡ. ಅಲ್ಲಿ ಡಿಡಿ ಫ್ರೀ ಡಿಶ್, ತಿಂಗಳ ರೊಕ್ಕ ಇಲ್ಲ, ಚಂದನ ನೋಡಿ ಬಾಳೇವು ಮಾಡ್ತಾಳ. ಅಲ್ಲಿ ಯಾವನೋ, ಗುಡ್ಡ ಅಡ್ಡ ಬಂದೈತಿ ಚಿಗವ್ವಾ, ಇಲ್ಲಿ ಡಿಶ್ ನಡ್ಯಂಗಿಲ್ಲ, ಕಂಬ ಎತ್ತರ ಮಾಡ್ಬೇಕು ಎರಡು ಸಾವಿರ ಆಗ್ತೈತಿ ಅಂದಿದ್ದ. ಕಾಕಾನ್ನ ಬೈಕ್ ಮ್ಯಾಲ ಕುಂದ್ರಿಸ್ಕೊಂಡು ಹೋದೆ. ಅವರು ಮೊಬೈಲ್‌ನಾಗ ದಿಕ್ಸೂಚಿ ತಗದು, ಫ್ರೀ ಡಿಶ್ ಬರೋದು ಜಿಸ್ಯಾಟ್ 15 ಅನ್ನೋ ಉಪಗ್ರಹದಿಂದ, 93.5 ಡಿಗ್ರಿ ಪೂರ್ವ ರೇಖಾಂಶದಾಗ ಐತಿ, ನಮ್ಮ ಕಡಿಂದ ನೋಡಿದ್ರ ಅಗ್ನಿ ಮೂಲಿಗೆ 130 ಡಿಗ್ರಿ, ಮ್ಯಾಲಕ್ಕ 63 ಡಿಗ್ರಿ ಅಂತ ಹೇಳಿದ್ರು. ಅಡಗಿಮನಿ ಇಡೋ ಮೂಲಿ ಅಂದ್ರ ಚಿಗವ್ವಗ ಲಗೂನ ತಿಳೀತು. 63 ಡಿಗ್ರಿ ಅಂದ್ರ ಹತ್ರಾ ಹತ್ರ ನೆತ್ತಿ ಮ್ಯಾಲ ಲೆಕ್ಕ, ನೂರು ಮೀಟರ್ ದೂರದ ಗುಡ್ಡ ಅಡ್ಡ ಬರ್ಬೇಕಂದ್ರ ಇನ್ನೂರು ಮೀಟರ್ ಎತ್ತರ ಇರ್ಬೇಕು. ಡಿಶ್ ಮಾರಿ ನೋಡಿದ್ರ ಅಷ್ಟು ಮ್ಯಾಲಕ್ಕ ಕಾಣಂಗಿಲ್ಲ, ಯಾಕಂದ್ರ ಇದರ ಎಲ್‌ಎನ್‌ಬಿ, ಅಂದ್ರ ಸಿಗ್ನಲ್ ಹಿಡಿಯೋ ಮೂತಿ, ನಟ್ಟನಡುವ ಇರಂಗಿಲ್ಲ, ಕೆಳಗ ಕೋಲಿನ ತುದಿಗೆ ಇರ್ತೈತಿ, ಡಿಶ್ ಕಾಣೋದಕ್ಕಿಂತ ಇನ್ನೂ ಮ್ಯಾಲ ನೋಡ್ತಿರ್ತೈತಿ. ಗುಡ್ಡ ಅಡ್ಡ ಅಂದೋನು ಇದಕ್ಕ ಮೋಸ ಹೋಗಿರ್ಬೇಕು, ಇಲ್ಲಾ ಮೋಸ ಮಾಡಿರ್ಬೇಕು, ನನಗೇನ್ ಗೊತ್ತು.

ಖರೇ ತಪ್ಪು ಮಂಗ್ಯಾಂದು. ಆ ಕಡೆ ಮಂಗ್ಯಾ ಎಷ್ಟು ಅದಾವ ಅಂತ ಅಂಜನಾದ್ರಿಗೆ ಹೋದವ್ರಿಗೆ ಹೇಳೋದು ಬ್ಯಾಡ. ಡಿಶ್ ಮ್ಯಾಲ ಜೀಕಿ ಜೀಕಿ ಕಂಬದ ನಟ್ಟು ಸಡ್ಲಾಗಿ ಮಾರಿ ಒಂದೆರಡು ಡಿಗ್ರಿ ತಿರುಗಿತ್ತು, ಅಷ್ಟು ಸಾಕು. ಎಲ್‌ಎನ್‌ಬಿ ಮೂತಿ ಮುಚ್ಚಳಾನೂ ಕಡದು ಹಾಕಿದ್ವು, ಒಳಗ ನೀರು. ಹೊಸಾ ಎಲ್‌ಎನ್‌ಬಿ ಹಾಕಿ, ಕಂಬಕ್ಕ ಮೂರು ಕಡೆ ತಂತಿ ಎಳದು ಬಿಗಿದ್ರು. ಅದರ ಮ್ಯಾಲೂ ಎರಡು ಚಾನೆಲ್ ಕಾಣ್ತಿಲ್ಲ ಅಂತ ಚಿಗವ್ವ ಅಂದ್ಲು, ಅದಕ್ಕ ಬರೀ ಹೊಸದಾಗಿ ಸ್ಕ್ಯಾನ್ ಮಾಡಿದ್ರು. ಫ್ರೀ ಡಿಶ್‌ನಾಗ ಖಾಸಗಿ ಚಾನೆಲ್‌ನವ್ರು ಜಾಗ ಹರಾಜಿನಾಗ ಹಿಡೀತಾರ, ಏಪ್ರಿಲ್ ಬಂತಂದ್ರ ಕೆಲವು ಹೋಗ್ತಾವ ಕೆಲವು ಬರ್ತಾವ, ಸ್ಕ್ಯಾನ್ ಮಾಡದಿದ್ರ ಸಿಗ್ನಲ್ ಹೋತು ಅಂತ ಅನಸ್ತೈತಿ. ಒಂದು ಬಂತು, ಇನ್ನೊಂದು ಎಂಪೆಗ್ 4 ಅನ್ನೋ ಹೊಸಾ ನಮೂನಿ ಸಿಗ್ನಲ್‌ನಾಗ ಐತಿ, ಚಿಗವ್ವನ ಹಳೇ ಬಾಕ್ಸ್ ಎಂಪೆಗ್ 2ರದ್ದು, ಅದರಾಗ ಬರಾಕ ಸಾಧ್ಯ ಇಲ್ಲ. ಇದೊಂದಕ್ಕ ಮಾತ್ರ ಬಾಕ್ಸ್ ಬದಲಿ ಮಾಡ್ಬೇಕು, ಬ್ಯಾಡಂದ್ರ ಬಿಡ್ರಿ ಅಂತ ಬಾಯಿಬಿಟ್ಟು ಹೇಳಿದ್ರು, ಮಾರಾಕ ನೋಡ್ಲಿಲ್ಲ. ಜೋರು ಮಳ್ಯಾಗ ಹೋದ್ರ ಡಿಶ್ ಮುಟ್ಟಬ್ಯಾಡ್ರಿ, ಮೋಡ ಸರದ ಮ್ಯಾಲ ತಾನ ಬರ್ತೈತಿ ಅಂತಾನೂ ಹೇಳಿದ್ರು. ಇಲ್ಲಿ ಒಟ್ಟು 700 ಆತು, ಎಲ್‌ಎನ್‌ಬಿ ಸೇರಿ.

ಈಗ ಒಂದು ಸ್ಟಾರ್ ಕಟ್ ಯಾಕ. ಒಂದು, ಹೇಳಿದ ಟೈಮಿಗೆ ಬರಂಗಿಲ್ಲ, ಫೋನ್ ಎತ್ತಂಗಿಲ್ಲ, ಮನಿಗೆ ಹೋಗಿ ಎಬ್ಬಿಸ್ಕೊಂಡ ಬರ್ಬೇಕು. ಎರಡು, ಬರದ ಬಿಲ್ ಕೊಡಂಗಿಲ್ಲ. ಇವೆರಡಕ್ಕ ನಾನು ಕಟ್ ಮಾಡ್ತಿರ್ಲಿಲ್ಲ. ಆದ್ರ ನಮ್ಮ ಪಡಸಾಲಿ ಗ್ವಾಡ್ಯಾಗ ಹಳೇ ತೂತು ಇದ್ರೂ ಅದರಾಗ ಹೊಸಾ ವಯರ್ ಹಿಡ್ಯಂಗಿಲ್ಲ ಅಂತ ಬಾಜೂಕ ಇನ್ನೊಂದು ಹೊಡದು, ಸಿಮೆಂಟ್ ನಾಳೆ ತರ್ತೀನಿ ಅಂದು ಹೋಗ್ಯಾರ. ಐದು ತಿಂಗಳಾತು, ಎರಡೂ ತೂತು ಹಂಗ ಅದಾವ, ಇರಬಿ ಸಾಲು ಒಂದರಾಗ ಬಂದು ಇನ್ನೊಂದರಾಗ ಹೋಗಾಕತ್ತಾವ.