ಗಂಗಾವತಿಯಿಂದ ಸೈಕಲ್ಲಿನಲ್ಲಿ: ಕಾರಟಗಿಯೋ, ಆನೆಗೊಂದಿಯೋ?

ಕಾರಟಗಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಬಯಲು. ಗೇರಿಲ್ಲದ ಸೈಕಲ್ಲೇ ಸಾಕು. ಆದರೆ ಮುಂಗಾರಿನ ಪಡುವಣ ಗಾಳಿ ಹೋಗುವಾಗ ಬೆನ್ನು ತಳ್ಳಿ, ಬರುವಾಗ ಎದೆಗೆ ಹೊಡೆಯುತ್ತದೆ. ದಮ್ಮು ಉಳಿಸಿಕೊಂಡೇ ತಿರುಗಿ. ಮಳೆ ಬಿದ್ದ ದಿನ ಹೊಲದ ದಾರಿಗೆ ಇಳಿಯಲೇಬೇಡಿ. ಎರೆಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಗಿಡಿದು ಚಕ್ರವೇ ನಿಲ್ಲುತ್ತದೆ. ಆಗ ಜೋರಾಗಿ ತುಳಿಯದೆ ಕಡ್ಡಿಯಿಂದ ಕೆರೆದು ತೆಗೆಯಿರಿ.

ಆನೆಗೊಂದಿ–ಸಾಣಾಪುರದ ಕಡೆ ಬಂಡೆಗುಡ್ಡಗಳ ನಡುವೆ ಸಣ್ಣ ಏರಿಳಿತ. ಮುಂದೆ 32, ಹಿಂದೆ 32 ಹಲ್ಲಿನ ಗೇರಿದ್ದರೆ ಕೂತೇ ಹತ್ತಬಹುದು. ಶನಿವಾರ ಈ ದಾರಿಯ ಅಂಜನಾದ್ರಿ ಬೆಟ್ಟದ ಹನುಮನ ಗುಡಿಗೆ ಜನ ಹೆಚ್ಚು, ಬೇರೆ ದಿನ ಆರಿಸಿ. ಮೊದಲ ಸಲಕ್ಕೆ ನಮ್ಮ ಮತ ಇದಕ್ಕೇ. ನೋಡಲು ಹೆಜ್ಜೆಹೆಜ್ಜೆಗೂ ಇದೆ.

ಜಾಲಿಮುಳ್ಳು ಎರಡೂ ಕಡೆ ಉಂಟು. ಹೊಸ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಮೈಯನ್ನು ಬಟ್ಟೆಯಿಂದ ಸವರಿ. ಮುರಿದ ತುದಿ ಅಲ್ಲೇ ಉಳಿದಿದ್ದರೆ ಮತ್ತೆ ಪಂಕ್ಚರ್.